ನಮ್ಮೂರಿನವರು ಯಾವ ಘಾಟಿ ಹತ್ತಿ ಬಂದರು

ಅಮೆರಿಕದ ಯಾವುದಾದರೂ ಸಣ್ಣ ಹಳ್ಳಿಯ ಹೆಸರು ಕೊಟ್ಟು ಅಂತರ್ಜಾಲದಲ್ಲಿ ಹುಡುಕಿ ನೋಡಿ. ನಾಲ್ಕೈದು ನೂರು ಜನರಿರುವ ಊರಾದರೂ ಅಲ್ಲಿ ಬಿಳಿಯರು ಶೇಕಡಾ ಎಷ್ಟು, ಕಪ್ಪು ಜನ ಎಷ್ಟು, ಅಲ್ಲಿನ ಮೂಲನಿವಾಸಿಗಳು ಎಷ್ಟು, ಏಷ್ಯಾದವರು ಎಷ್ಟು ಎಂದು ದಶಮಾಂಶದ ಸಮೇತ ಪಟ್ಟಿ ಸಿಗುತ್ತದೆ. 2000ದ ಗಣತಿಯಿಂದ ಈಚೆಗೆ ಒಬ್ಬರೇ ಎರಡು ಮೂರು ಜನಾಂಗಗಳಿಗೆ ಗುರುತು ಹಾಕಲೂ ಅಲ್ಲಿ ಅವಕಾಶವಿದೆ. ಅಂತಹ ಪಟ್ಟಿ ಕಂಡಾಗಲೆಲ್ಲ ನಮ್ಮೂರನ್ನು ಹೀಗೆ ಬರೆದರೆ ಏನಾಗಬಹುದು ಎಂಬ ಯೋಚನೆ ನನಗೆ ಬರುತ್ತದೆ. ನಮ್ಮ ದೇಶದ ಜನಗಣತಿ ಒಂದು ಹಳ್ಳಿಯ ಬಗ್ಗೆ ಹೇಳುವುದು ಸ್ವಲ್ಪವೇ. ಮನೆಗಳೆಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಆರು ವರ್ಷದವರೆಗಿನ ಮಕ್ಕಳೆಷ್ಟು, ಓದು ಬಲ್ಲವರೆಷ್ಟು, ದುಡಿಯುವವರೆಷ್ಟು, ಪರಿಶಿಷ್ಟ ಜಾತಿಯವರು ಮತ್ತು ಪರಿಶಿಷ್ಟ ಪಂಗಡದವರು ಎಷ್ಟು. ಧರ್ಮ ಮತ್ತು ಮಾತೃಭಾಷೆಯ ಅಂಕಿಗಳು ತಾಲ್ಲೂಕಿನ ಮಟ್ಟದಲ್ಲೇ ನಿಂತುಬಿಡುತ್ತವೆ. ಜನಾಂಗದ ಪ್ರಶ್ನೆಯನ್ನು ಸ್ವತಂತ್ರ ಭಾರತದ ಗಣತಿ ಕೇಳುವುದೇ ಇಲ್ಲ. ಕೇಳದಿರುವುದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಕೇಳದೆ ಬಿಟ್ಟದ್ದರಲ್ಲಿ ಒಂದು ಊರಿನ ಅರ್ಧ ಚರಿತ್ರೆ ಉಳಿದುಹೋಗುತ್ತದೆ.

ನಮ್ಮದು ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಒಂದು ಹಳ್ಳಿ. ಹಳ್ಳಿ ಎಂದರೆ ಬಯಲುಸೀಮೆಯವರು ಊಹಿಸುವಂತೆ ಸಾಲು ಮನೆಗಳ, ನಡುವೆ ಅಗಸೆ ಬಾಗಿಲಿರುವ ಊರಲ್ಲ. ಒಂದು ಕಣಿವೆಯಲ್ಲಿ ಅಡಿಕೆ ತೋಟ, ಅದರ ಮೇಲಿನ ದಿಬ್ಬದಲ್ಲಿ ನಮ್ಮ ಹವ್ಯಕ ಬ್ರಾಹ್ಮಣರ ನಾಲ್ಕಾರು ಮನೆ. ಒಂದು ಹಳ್ಳ ದಾಟಿದರೆ ನಾಮಧಾರಿಗಳ ಕೇರಿ. ಅಲ್ಲಿಂದ ಕಾಡಿನ ದಾರಿ ಹಿಡಿದರೆ ಕುಣಬಿಗಳ ಗದ್ದೆ, ಮನೆ. ಇನ್ನೂ ಮೇಲೆ ಹೋದರೆ ಮರಗಳ ನಡುವೆ ಆಫ್ರಿಕಾ ಮೂಲದ ಸಿದ್ದಿಗಳ ಮನೆಗಳು, ಒಂದರಿಂದ ಒಂದು ಕೂಗಳತೆಯ ದೂರದಲ್ಲಿ. ಎಲ್ಲಕ್ಕಿಂತ ಆಚೆ, ಹುಲ್ಲುಗಾವಲಿನ ಅಂಚಿನಲ್ಲಿ ಎಮ್ಮೆ ಸಾಕುವ ಗೌಳಿಗಳ ಕೇರಿ, ಗೌಳಿವಾಡ. ಕಂದಾಯ ಇಲಾಖೆಯ ನಕ್ಷೆಯಲ್ಲಿ ಇದೆಲ್ಲ ಸೇರಿ ಒಂದೇ ಗ್ರಾಮ.

ಅಡಿಕೆ ಕೊಯ್ಲಿನ ದಿನಗಳಲ್ಲಿ ಈ ಕೇರಿಗಳೆಲ್ಲ ಒಂದೆಡೆ ಸೇರುತ್ತಿದ್ದವು. ನಮ್ಮ ಮನೆಯ ಅಂಗಳದ ಚಪ್ಪರದಡಿ ರಾತ್ರಿ ಊಟವಾದ ಮೇಲೆ ಅಡಿಕೆ ಸುಲಿಯುವ ಕೆಲಸ ಶುರುವಾಗುತ್ತಿತ್ತು. ಮೆಟ್ಟುಗತ್ತಿಯ ಹಲಗೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಕುಳಿತವರು ಹತ್ತಿಪ್ಪತ್ತು ಜನ. ಡಬ್ಬಿಯ ಲೆಕ್ಕದಲ್ಲಿ ಕೂಲಿ. ಬಾಯಿಗೆ ಕೆಲಸವಿಲ್ಲವಾದ್ದರಿಂದ ಮಾತು. ಸಿದ್ದಿ ಹೆಂಗಸರು ತಮ್ಮತಮ್ಮಲ್ಲಿ ಕೊಂಕಣಿಯಲ್ಲಿ ಮಾತನಾಡುತ್ತಿದ್ದರು. ಅವರ ಪಕ್ಕದ ಕುಣಬಿ ಹೆಂಗಸು ಅದಕ್ಕೆ ತನ್ನ ಕೊಂಕಣಿಯಲ್ಲಿ ಉತ್ತರಿಸುತ್ತಿದ್ದಳು. ಎರಡೂ ಕೊಂಕಣಿಯೇ, ಆದರೆ ರಾಗ ಬೇರೆ. ನಾಮಧಾರಿಗಳದ್ದು ಕರಾವಳಿಯ ಜಾಡಿನ ಕನ್ನಡ. ಒಳಗಿನಿಂದ ಅಜ್ಜಿ ಹವ್ಯಕ ಭಾಷೆಯಲ್ಲಿ ಏನನ್ನೋ ಕೇಳುತ್ತಿದ್ದಳು. ಗೊಬ್ಬರದ ಹಣ ಕೇಳಲು ಬಂದ ಗೌಳಿ ಯಜಮಾನ ಅಂಗಳದಂಚಿನಲ್ಲಿ ಕುಳಿತು ತನ್ನ ಹುಡುಗನಿಗೆ ಮರಾಠಿಯಲ್ಲಿ ಗದರುತ್ತಿದ್ದ. ಇಷ್ಟು ಜನರೂ ಇನ್ನೊಬ್ಬರ ಮಾತನ್ನು ತಕ್ಕಮಟ್ಟಿಗೆ ಬಲ್ಲವರು. ಗುಟ್ಟು ಹೇಳಬೇಕಾದವರು ಅಂಗಳ ಬಿಟ್ಟೇ ಹೋಗಬೇಕಿತ್ತು.

ಇದನ್ನು ಓದಿ ಎಂತಹ ಸೌಹಾರ್ದದ ಊರು ಎಂದು ಯಾರೂ ಮರುಳಾಗಬಾರದು. ಭಾಷೆಗಳು ಬೆರೆಯುತ್ತಿದ್ದ ಅದೇ ಮನೆಗೆ ಮೆಟ್ಟಿಲುಗಳಿದ್ದವು. ಅಂಗಳದವರೆಗೆ ಯಾರು, ಮೊದಲ ಮೆಟ್ಟಿಲಿನ ಮೇಲೆ ಯಾರು, ಜಗುಲಿಗೆ ಯಾರು, ನಡುಮನೆಗೆ ಯಾರು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕವಳದ ಎಲೆ, ಅಡಿಕೆ, ಸುಣ್ಣ ಎಲ್ಲರಿಗೂ ಸಿಗುತ್ತಿತ್ತು. ಆದರೆ ಕೆಲವರ ಮುಂದೆ ತಟ್ಟೆಯನ್ನೇ ಇಡುತ್ತಿದ್ದರು, ಕೆಲವರ ಅಂಗೈಗೆ ಮೇಲಿನಿಂದ ಹಾಕುತ್ತಿದ್ದರು. ಸಿದ್ದಿಗಳಲ್ಲಿ ಹಲವು ಕುಟುಂಬಗಳು ಸಾಲದ ಲೆಕ್ಕದಲ್ಲಿ ಒಡೆಯರ ಮನೆಗೆ ತಲೆಮಾರುಗಳ ಕಾಲ ದುಡಿದವು. ಜೀತ ಎಂದು ಅದನ್ನು ಯಾರೂ ಕರೆಯುತ್ತಿರಲಿಲ್ಲ, ಆದರೆ ಅದು ಜೀತವೇ. ಜನಗಣತಿಯ ಕಾಲಂಗಳು ಬರುವುದಕ್ಕೆ ಬಹಳ ಹಿಂದೆಯೇ ನಮ್ಮ ಮನೆಯ ಮೆಟ್ಟಿಲುಗಳು ಊರಿನ ಜನರನ್ನು ವಿಂಗಡಿಸಿಟ್ಟಿದ್ದವು.

ಇವರೆಲ್ಲ ಇಲ್ಲಿಗೆ ಬಂದದ್ದು ಹೇಗೆ?

ಸಿದ್ದಿಗಳಿಂದಲೇ ಶುರುಮಾಡುತ್ತೇನೆ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಲ್ಲಿಂದ ಮುಂದಿನ ಮೂರು ಶತಮಾನಗಳಲ್ಲಿ ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕಾದ ಕರಾವಳಿಯಿಂದ ಜನರನ್ನು ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರು. ಮನೆಗೆಲಸಕ್ಕೆ, ಮೇನೆ ಹೊರುವುದಕ್ಕೆ, ಕಾವಲಿಗೆ ಅವರು ಬೇಕಿದ್ದರು. ಅವರಲ್ಲಿ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡುದಾರಿ ಹಿಡಿದು ಈ ಕಡೆಗೆ ಬಂದರು. ಈ ಕಡೆ ಎಂದರೆ ಕಾಡು ಮಾತ್ರವಲ್ಲ, ಬೇರೆ ರಾಜ್ಯ ಕೂಡ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಬ್ರಿಟಿಷರ ಕೈಸೇರಿತು. ಬ್ರಿಟಿಷ್ ಭಾರತದಲ್ಲಿ 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ಕಿತ್ತುಹಾಕಿತು. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಅದನ್ನು ರದ್ದುಮಾಡಿದ್ದು 1869ರಲ್ಲಿ. ನಡುವಿನ ಕಾಲು ಶತಮಾನದಲ್ಲಿ ಒಂದು ಘಾಟಿಯನ್ನು ಹತ್ತಿದರೆ ಸಾಕು, ಮಾರಾಟದ ಸರಕಾಗಿದ್ದವನು ಕಾನೂನಿನ ಕಣ್ಣಿನಲ್ಲಿ ಮನುಷ್ಯನಾಗುತ್ತಿದ್ದ. ಎಲ್ಲ ಸಿದ್ದಿಗಳೂ ಗೋವೆಯಿಂದಲೇ ಬಂದವರಲ್ಲ. ದಖ್ಖನದ ಸುಲ್ತಾನರ ಸೈನ್ಯಗಳಲ್ಲಿದ್ದ ಹಬ್ಶಿಗಳ ಕಥೆ ಬೇರೆಯದು. ಅಹಮದ್‌ನಗರದ ರಾಜ್ಯವನ್ನು ಮೊಗಲರ ಎದುರು ವರ್ಷಗಟ್ಟಲೆ ಕಾಪಾಡಿದ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಆಫ್ರಿಕಾದಿಂದ ಗುಲಾಮನಾಗಿ ಬಂದವನೇ. ಆದರೆ ನಮ್ಮೂರಿನ ಸಿದ್ದಿಗಳ ಮನೆಮಾತು ಕೊಂಕಣಿ, ಹಿರಿಯರ ಹೆಸರುಗಳು ಜುಜೆ, ಮಿಂಗೆಲ್, ಬಸ್ತ್ಯಾಂವ್. ಗೋವೆಯ ಗುರುತು ಅವರ ನಾಲಿಗೆಯ ಮೇಲೆಯೇ ಇದೆ.

ಕುಣಬಿಗಳು ಬಂದದ್ದೂ ಗೋವೆಯ ಕಡೆಯಿಂದಲೇ. ಅಲ್ಲಿ 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಕುಳಿತ ಮೇಲೆ ಮತಾಂತರಕ್ಕೆ ಹೆದರಿ ದೇವರ ಸಮೇತ ಊರು ಬಿಟ್ಟವರ ಕಥೆ ಕೊಂಕಣಿ ಮಾತನಾಡುವ ಅನೇಕ ಸಮುದಾಯಗಳಲ್ಲಿದೆ. ನನ್ನನ್ನು ಬಹಳ ಕಾಡುವ ಸಂಗತಿ ಇದು. ಒಂದೇ ಪೋರ್ಚುಗೀಸ್ ಆಳ್ವಿಕೆಯಿಂದ ಒಬ್ಬರು ಧರ್ಮ ಉಳಿಸಿಕೊಳ್ಳಲು ಓಡಿಬಂದರು, ಇನ್ನೊಬ್ಬರು ಮೈ ಉಳಿಸಿಕೊಳ್ಳಲು ಓಡಿಬಂದರು. ಇಬ್ಬರೂ ಅದೇ ಕಾಡಿಗೆ ಬಂದು, ಕೊಂಕಣಿಯನ್ನೇ ಆಡುತ್ತಾ, ಅದೇ ಅಡಿಕೆ ತೋಟದಲ್ಲಿ ಅಕ್ಕಪಕ್ಕ ಕೂಲಿಗೆ ಕುಳಿತರು. ನಮ್ಮ ಅಂಗಳದಲ್ಲಿ ಎರಡು ರಾಗದ ಕೊಂಕಣಿ ಕೇಳಿಸುತ್ತಿದ್ದುದರ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

ಗೌಳಿಗಳು ಎಮ್ಮೆಗಳ ಬೆನ್ನು ಹತ್ತಿ ಬಂದವರು. ಮಹಾರಾಷ್ಟ್ರದ ಸಹ್ಯಾದ್ರಿಯ ಕಡೆಯಿಂದ ಮೇವು ಸಿಕ್ಕಲ್ಲಿ ದೊಡ್ಡಿ ಹಾಕುತ್ತಾ ದಕ್ಷಿಣಕ್ಕೆ ಇಳಿದು ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡುಗಳಲ್ಲಿ ನೆಲೆಯಾದರು. ಹವ್ಯಕರ ತೋಟಕ್ಕೆ ಗೊಬ್ಬರ, ಪೇಟೆಗೆ ಹಾಲು ತುಪ್ಪ ಅವರದು. ಹವ್ಯಕರನ್ನು ಕದಂಬರ ಮಯೂರವರ್ಮ ಉತ್ತರದ ಅಹಿಚ್ಛತ್ರದಿಂದ ಕರೆತಂದನೆಂಬ ಐತಿಹ್ಯವಿದೆ. ಐತಿಹ್ಯವನ್ನು ನಂಬುವುದಾದರೆ ನಮ್ಮವರೂ ಹೊರಗಿನಿಂದ ಬಂದವರೇ. ಪಕ್ಕದ ಮುಂಡಗೋಡ ತಾಲ್ಲೂಕಿಗೆ ಹೋದರೆ 1966ರಿಂದ ಈಚೆಗೆ ಬಂದು ನೆಲೆಸಿದ ಟಿಬೆಟನ್ನರ ಕ್ಯಾಂಪುಗಳಿವೆ. ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಅಲ್ಲಿ ಮತ್ತೆ ಎದ್ದು ನಿಂತಿವೆ. ಮುಂಡಗೋಡದ ಪೇಟೆಯಲ್ಲಿ ಕೆಂಪು ನಿಲುವಂಗಿಯ ಭಿಕ್ಷುಗಳು ಕನ್ನಡದಲ್ಲಿ ತರಕಾರಿಗೆ ಚೌಕಾಸಿ ಮಾಡುವುದನ್ನು ಅಲ್ಲಿನವರು ತಿರುಗಿಯೂ ನೋಡುವುದಿಲ್ಲ.

ಎಲ್ಲರೂ ಎಲ್ಲಿಂದಲೋ ಬಂದವರಾದರೂ ಎಲ್ಲಿಂದ ಬಂದಿರಿ ಎಂಬ ಪ್ರಶ್ನೆಯನ್ನು ಎಲ್ಲರಿಗೂ ಕೇಳುವುದಿಲ್ಲ. ನನ್ನ ಶಾಲೆಯಲ್ಲಿ ಓದಿದ ಸಿದ್ದಿ ಹುಡುಗನೊಬ್ಬ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ. ಬಸ್ಸಿನಲ್ಲಿ ಪಕ್ಕದವರು ಅವನೊಂದಿಗೆ ಇಂಗ್ಲಿಷಿನಲ್ಲಿ ಮಾತಿಗಿಳಿಯುತ್ತಾರಂತೆ. ಅವನು ಕನ್ನಡದಲ್ಲಿ ಉತ್ತರಿಸಿದರೆ ಇಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಲ್ಲ ಎಂದು ಮೆಚ್ಚಿಕೊಳ್ಳುತ್ತಾರಂತೆ. ಬಾಡಿಗೆ ಮನೆ ಕೇಳಲು ಹೋದಾಗ ಪಾಸ್‌ಪೋರ್ಟ್ ತೋರಿಸು ಎಂದರು. ಅವನ ಬಳಿ ಇದ್ದದ್ದು ಯಲ್ಲಾಪುರದ ಪಡಿತರ ಚೀಟಿ. ರಜೆಗೆ ಊರಿಗೆ ಬಂದಾಗ ನನ್ನ ಬಳಿ ಕೇಳಿದ: ‘ಮಾಸ್ತರರೇ, ನಮ್ಮ ಅಜ್ಜನ ಅಜ್ಜ ಇಲ್ಲೇ ಸತ್ತವನು. ನಾನು ಇನ್ನೆಷ್ಟು ತಲೆಮಾರು ಹೊಸಬ?’ ಅಹಿಚ್ಛತ್ರದಿಂದ ಬಂದೆವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಮ್ಮ ಮನೆಯವರನ್ನು ಈವರೆಗೆ ಯಾರೂ ಪಾಸ್‌ಪೋರ್ಟ್ ಕೇಳಿಲ್ಲ. ಅವನಿಗೆ ಹೇಳಲು ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ರಕ್ತದ ಲೆಕ್ಕವನ್ನು ವಿಜ್ಞಾನಿಗಳೂ ಹಾಕಿದ್ದಾರೆ. ಹೈದರಾಬಾದಿನ ಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರದ ಸಂಶೋಧಕರು 2011ರಲ್ಲಿ ಭಾರತದ ಸಿದ್ದಿಗಳ ವಂಶವಾಹಿಗಳ ಅಧ್ಯಯನವನ್ನು ಪ್ರಕಟಿಸಿದರು. ಮುಖ್ಯ ಎಳೆ ಆಫ್ರಿಕಾದ ಬಾಂಟು ಜನರದು, ಅದರೊಂದಿಗೆ ಭಾರತೀಯ ಎಳೆ, ಬಹುಶಃ ಪೋರ್ಚುಗೀಸರ ಎಳೆಯೂ ಸ್ವಲ್ಪ. ಬೆರಕೆ ಆದದ್ದು ಸುಮಾರು 200 ವರ್ಷಗಳ ಹಿಂದೆ ಎಂದು ಅವರು ಕಂಡುಕೊಂಡರು. ಒಳ್ಳೆಯ ಕೆಲಸ. ಓಡಿಬಂದವರ ನೆನಪಿಗೆ ಅದು ಒಂದು ಸಾಕ್ಷಿ ಒದಗಿಸಿತು. ಆದರೆ ಮೈಯನ್ನು ಅಳೆದು ಜನರನ್ನು ತಿಳಿಯುತ್ತೇವೆ ಎಂದು ಹೊರಟವರ ಚರಿತ್ರೆ ನಮ್ಮ ದೇಶದಲ್ಲಿ ಅಷ್ಟು ಒಳ್ಳೆಯದಲ್ಲ. 1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲಿ ಮೂಗಿನ ಉದ್ದ ಅಗಲಗಳನ್ನು ಅಳೆದು ಜಾತಿಗಳಿಗೂ ಜನಾಂಗಗಳಿಗೂ ಗಂಟು ಹಾಕಿದವನು. ಮೂಗು ಚೂಪಾದಷ್ಟೂ ಜಾತಿ ಮೇಲು ಎಂಬುದು ಅವನ ಸಿದ್ಧಾಂತ. ನಮ್ಮ ಮನೆಯ ಮೆಟ್ಟಿಲುಗಳಿಗೆ ಇಂಗ್ಲಿಷ್ ವಿಜ್ಞಾನದ ಮುದ್ರೆ ಒತ್ತಿಕೊಟ್ಟವನು ಎನ್ನಬೇಕು.

ಸ್ವತಂತ್ರ ಭಾರತವೂ ಒಮ್ಮೆ ಸಿದ್ದಿಗಳ ಮೈಯನ್ನು ನೋಡಿಯೇ ಅವರ ಬಳಿ ಬಂತು. 1987ರಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳ ತರಬೇತಿಗೆ ಕರೆದೊಯ್ದರು. ಆಫ್ರಿಕಾದ ಮೈಕಟ್ಟು ದೇಶಕ್ಕೆ ಒಲಿಂಪಿಕ್ಸ್ ಪದಕ ತಂದೀತು ಎಂಬ ನಿರೀಕ್ಷೆ. ಮಕ್ಕಳು ನಿಜಕ್ಕೂ ಓಡಿದರು, ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ಕಾಡಿಗೆ, ಕೂಲಿಗೆ ಮರಳಿದರು. ಸ್ನಾಯು ಬೇಕಿದ್ದಾಗ ನೆನಪಾದವರು ಶಾಲೆ, ಜಮೀನು, ಆಸ್ಪತ್ರೆಯ ಮಾತು ಬಂದಾಗ ಏಕೆ ನೆನಪಾಗಲಿಲ್ಲ ಎಂದು ಯೋಚಿಸಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಅದೇ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಗೆಳೆಯರು ನಮ್ಮ ಪಕ್ಕದ ಮಂಚಿಕೇರಿಗೆ ಬಂದು ಸಿದ್ದಿಗಳೊಂದಿಗೆ ನಾಟಕ ಕಟ್ಟಿದರು. ಆ ಬೀಜ ಮಾತ್ರ ಒಣಗಲಿಲ್ಲ. ಇವತ್ತು ಕನ್ನಡ ರಂಗಭೂಮಿಯಲ್ಲಿ, ಸಿನಿಮಾದಲ್ಲಿ ಸಿದ್ದಿ ಕಲಾವಿದರಿದ್ದಾರೆ.

ಹೊರಗಿನವರಿಗೆ ಸಿದ್ದಿಗಳೆಂದರೆ ಒಂದೇ ಗುಂಪು. ಗಣತಿಯ ಧರ್ಮದ ಕಾಲಂ ತೆರೆದರೆ ಅವರು ಮೂರಾಗಿ ಒಡೆಯುತ್ತಾರೆ. ಅಂಕೋಲಾ, ಶಿರಸಿ, ಯಲ್ಲಾಪುರದ ಕಡೆ ಹಿಂದೂಗಳು ಹೆಚ್ಚು. ಹಳಿಯಾಳ, ಮುಂಡಗೋಡದಲ್ಲಿ ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಯಾವ ಒಡೆಯನ ಮನೆಯಲ್ಲಿ, ಯಾರ ನೆರೆಯಲ್ಲಿ ಬದುಕಿದರೋ ಆ ಧರ್ಮ ಮೈಗೂಡಿತು ಎಂದು ಹಿರಿಯರು ಹೇಳುತ್ತಾರೆ. ಆದರೆ ಹಿರಿಯರ ಪೂಜೆ ಮೂವರಲ್ಲೂ ಇದೆ. ಹಬ್ಬಕ್ಕೆ ಸತ್ತ ಹಿರಿಯರನ್ನು ಕರೆದು ಎಡೆ ಇಡುವುದನ್ನು ಯಾವ ಧರ್ಮವೂ ಬಿಡಿಸಲಿಲ್ಲ. ಸಾತುಂಬೈಲಿನ ಕಾಡಿನಲ್ಲಿರುವ ಸಿದ್ದಿ ನಾಸ ದೇವರ ವಾರ್ಷಿಕ ಪೂಜೆಗೆ ಮೂರೂ ಧರ್ಮದ ಸಿದ್ದಿಗಳು ಸೇರುತ್ತಾರೆ. ಡಮಾಮಿ ಬಾರಿಸಲು ಶುರುಮಾಡಿದರೆ ಯಾರು ಯಾವ ಧರ್ಮದವರು ಎಂದು ಕೇಳುವವರಿಲ್ಲ. ಸಿದ್ದಿಗಳ ನಡುವೆ ಧರ್ಮ ದಾಟಿದ ಮದುವೆಗಳೂ ನಡೆಯುತ್ತವೆ.

ಸಿದ್ದಿ ಹೆಂಗಸರ ಕವಂದಿಯನ್ನು ಹತ್ತಿರದಿಂದ ನೋಡಬೇಕು. ಕನ್ನಡದಲ್ಲಿ ನಾವು ಕೌದಿ ಎನ್ನುವ ಹೊದಿಕೆ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ. ಬಯಲುಸೀಮೆಯ ಕೌದಿ ಬಲ್ಲವರಿಗೆ ಇದರ ಹೊಲಿಗೆಯ ದಾರಿ ಹೊಸದಾಗಿ ಕಾಣಬಹುದು. ಒಂದು ಮೂಲೆಯಿಂದ ಶುರುವಾಗಿ ಅಂಚಿನ ಸುತ್ತಲೂ ಸಾಗಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ದಪ್ಪ ದಾರದ ಹೊಲಿಗೆ ಸಾಲುಸಾಲಾಗಿ ಇಡೀ ಹೊದಿಕೆಯ ಮೇಲೆ ಹರಡಿಕೊಂಡು ಬಟ್ಟೆಯ ಬಣ್ಣಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿ ತ್ರಿಕೋನವಾಗಿ ಮಾಡಿದ ‘ಫೂಲ’ ಇಡುತ್ತಾರೆ. ಹೂವು ಇಡದ ಕವಂದಿ ಬೆತ್ತಲೆ ಎಂದು ಅವರ ಮಾತು. ನಾನು ಕಂಡ ಒಂದು ಕವಂದಿಯಲ್ಲಿ ನನ್ನ ಅತ್ತೆಯ ನೀಲಿ ಸೀರೆಯ ಸೆರಗು ಇತ್ತು, ಗೌಳಿ ಹೆಂಗಸರು ಕಚ್ಚೆ ಹಾಕಿ ಉಡುವ ಹಸಿರು ಸೀರೆಯ ತುಂಡಿತ್ತು, ನಮ್ಮ ಶಾಲೆಯ ಸಮವಸ್ತ್ರದ ಚೌಕಳಿಯೂ ಇತ್ತು.

ಸರ್ಕಾರದ ಕಾಗದದಲ್ಲಿ ಸಿದ್ದಿಗಳು ಹೇಗೆ ಕಾಣಿಸಿಕೊಂಡರು ಎಂಬುದು ಇನ್ನೊಂದು ಕಥೆ. 2001ರ ಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸಿದ್ದಿಗಳ ಹೆಸರಿಲ್ಲ. 2011ರಲ್ಲಿ ಅದೇ ಪಟ್ಟಿಯಲ್ಲಿ 10,477 ಜನ. ಹತ್ತು ವರ್ಷಗಳಲ್ಲಿ ಯಾರೂ ಹೊಸದಾಗಿ ಬಂದಿರಲಿಲ್ಲ. 2003ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯಿದೆ ಅವರ ಹೆಸರನ್ನು ಪಟ್ಟಿಗೆ ಸೇರಿಸಿತ್ತು, ಅಷ್ಟೇ. ಅದೂ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ ಮಾತ್ರ. ಗಡಿ ದಾಟಿ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲೋ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲೋ ಇದ್ದ ಅಣ್ಣತಮ್ಮಂದಿರು 2020ರವರೆಗೆ ಕಾಯಬೇಕಾಯಿತು. ಮದುವೆಯಾಗಿ ಜಿಲ್ಲೆ ದಾಟಿದ ಅಕ್ಕತಂಗಿಯರ ಮಕ್ಕಳಿಗೆ ತಾಯಿಯ ತವರಿನಲ್ಲಿ ಸಿಗುತ್ತಿದ್ದ ಗುರುತು ಗಂಡನ ಊರಿನಲ್ಲಿ ಸಿಗಲಿಲ್ಲ.

ಈ ಮಾನ್ಯತೆಯಲ್ಲಿ ಒಂದು ಒಳ್ಳೆಯ ಗುಣವಿದೆ. ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಕಟ್ಟುಪಾಡಿಲ್ಲ. ಹಾಗಾಗಿ ಮೂರು ಧರ್ಮಗಳಲ್ಲಿ ಹಂಚಿಹೋದ ಸಿದ್ದಿಗಳನ್ನು ಸರ್ಕಾರದ ಒಂದು ಸಾಲು ಮತ್ತೆ ಒಂದಾಗಿ ಬರೆಯಿತು. ಪಂಗಡದ ಪ್ರಮಾಣಪತ್ರ ಕೈಗೆ ಬಂದ ಮೇಲೆ ಮಕ್ಕಳು ವಸತಿ ಶಾಲೆಗೆ ಹೋದರು, ಕೆಲವರು ಪದವಿ ಮುಗಿಸಿದರು. 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಊರಿಗೆ ಊರೇ ಟಿ.ವಿ. ಮುಂದೆ ಕುಳಿತಿತ್ತು.

ಆದರೆ ಪಕ್ಕದ ಮನೆಯ ಕುಣಬಿ? ಸಿದ್ದಿಗಳನ್ನು ಪಟ್ಟಿಗೆ ಸೇರಿಸಿದ ಅದೇ ಕಾಯಿದೆ ಗೋವಾ ರಾಜ್ಯದ ಕುಣಬಿಗಳನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಗಡಿಯ ಈಚೆ, ಜೊಯಿಡಾದಲ್ಲಿ, ಯಲ್ಲಾಪುರದಲ್ಲಿ ಇರುವ ಕುಣಬಿಗಳನ್ನು ಸೇರಿಸಲಿಲ್ಲ. ಅದೇ ಭಾಷೆ, ಅದೇ ಗಡ್ಡೆಗೆಣಸಿನ ಬೇಸಾಯ, ಅದೇ ಬಳಗ. ನಡುವೆ ಹಿಂದೆ ಪೋರ್ಚುಗೀಸರ ಮತ್ತು ಬ್ರಿಟಿಷರ ಆಳ್ವಿಕೆಗಳನ್ನು ಬೇರ್ಪಡಿಸಿದ್ದ, 1961ರಲ್ಲಿ ಗೋವಾ ವಿಮೋಚನೆಯಾದ ಮೇಲೂ ಉಳಿದುಕೊಂಡ ಒಂದು ಗೆರೆ. ಗೌಳಿಗಳ ಬೇಡಿಕೆಯೂ ಹಳೆಯದು, ಕರಾವಳಿಯ ಹಾಲಕ್ಕಿ ಒಕ್ಕಲಿಗರದ್ದೂ ಹಳೆಯದು. ಮನವಿ, ಅಧ್ಯಯನ, ಶಿಫಾರಸು, ಮತ್ತೆ ಮನವಿ.

ಇದು ಗುರುತಿನ ಮಾತಿಗೆ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ತೆಗೆದು ನೋಡಿ. ಪರಿಶಿಷ್ಟ ಪಂಗಡದವರು ತಾವು ಸಾಗುವಳಿ ಮಾಡುವ ಅರಣ್ಯ ಭೂಮಿಯ ಹಕ್ಕು ಪಡೆಯಲು 2005ರ ಡಿಸೆಂಬರ್ 13ಕ್ಕೆ ಮೊದಲು ಅದು ತಮ್ಮ ವಶದಲ್ಲಿತ್ತು ಎಂದು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕದಿಂದ ಹಿಂದಕ್ಕೆ ಮೂರು ತಲೆಮಾರು ಕಾಡನ್ನು ನಂಬಿ ಬದುಕಿದ್ದಕ್ಕೂ ಸಾಕ್ಷಿ ಕೊಡಬೇಕು. ಒಂದು ತಲೆಮಾರಿಗೆ 25 ವರ್ಷ ಎಂದು ಕಾಯಿದೆಯೇ ಹೇಳುತ್ತದೆ. ಅಂದರೆ 75 ವರ್ಷ, 1930ರ ಕಾಲ. ನಮ್ಮ ಊರಿನಲ್ಲಿ ಒಂದೇ ಬೇಲಿಯ ಆಚೆ ಈಚೆ ಇರುವ ಎರಡು ಗದ್ದೆಗಳಿಗೆ ಎರಡು ಕಾಲಮಾನ. 1930ರಲ್ಲಿ ಎಮ್ಮೆಯ ಹಿಂದೆ ನಡೆಯುತ್ತಾ, ಗಳುಗಳಿಂದ ದೊಡ್ಡಿ ಕಟ್ಟಿಕೊಂಡು, ಮೇವು ಮುಗಿದ ಮೇಲೆ ಬಿಚ್ಚಿಕೊಂಡು ಹೋಗುತ್ತಿದ್ದ ಗೌಳಿ ಯಾವ ಕಾಗದ ಇಟ್ಟುಕೊಂಡಿರುತ್ತಾನೆ? ಆಗ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ದಾಖಲೆ ಇದ್ದರೂ ಅದು ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಓದು ಬಾರದವನು ಅದನ್ನು ಯಾವ ಕಚೇರಿಯಲ್ಲಿ ಹುಡುಕಬೇಕು? ಗೌಳಿಯೊಬ್ಬರು ತಮ್ಮ ಅರ್ಜಿಯೊಂದಿಗೆ ನನ್ನ ಬಳಿ ಬಂದಿದ್ದರು. ಸಾಕ್ಷಿ ಎಂದು ಅವರ ಬಳಿ ಇದ್ದದ್ದು ಅಜ್ಜ ಕಟ್ಟಿದ ದೇವರ ಕಟ್ಟೆ ಮತ್ತು ಅರಣ್ಯ ಇಲಾಖೆ ಅಪ್ಪನ ಮೇಲೆ ಹಾಕಿದ ದಂಡದ ಹಳೆಯ ರಸೀದಿ. ಹಿಂದೊಮ್ಮೆ ಅವರನ್ನು ಅಪರಾಧಿ ಎಂದ ಕಾಗದವೇ ಈಗ ಅವರ ಆಸರೆ.

ಯಾರು ಪಂಗಡ, ಯಾರು ಅಲ್ಲ ಎಂದು ತೀರ್ಮಾನಿಸುವ ಅಳತೆಗೋಲು ಯಾವುದು ಎಂದು ಕೇಳಿದರೆ ಇಂದಿಗೂ 1965ರ ಲೋಕೂರ್ ಸಮಿತಿಯ ಐದು ಲಕ್ಷಣಗಳನ್ನು ಹೇಳುತ್ತಾರೆ: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ದುರ್ಗಮ ಪ್ರದೇಶದಲ್ಲಿ ವಾಸ, ಹೊರಗಿನವರೊಂದಿಗೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಗೌಳಿ ಪ್ರತಿದಿನ ಪೇಟೆಗೆ ಹಾಲು ಒಯ್ಯುತ್ತಾನೆ, ಆದ್ದರಿಂದ ಅವನಿಗೆ ಸಂಕೋಚವಿಲ್ಲ. ಕುಣಬಿ ಹೆಂಗಸು ನಾಲ್ಕು ಭಾಷೆ ಆಡುತ್ತಾಳೆ, ಆದ್ದರಿಂದ ಅವಳು ಆದಿಮಳಲ್ಲ. ಹೀಗೆ ವಾದಿಸಬಹುದು, ವಾದಿಸಿದವರನ್ನು ನಾನು ಕೇಳಿದ್ದೇನೆ. ನೆರೆಯವರ ಭಾಷೆ ಕಲಿತದ್ದು, ಸಂತೆಗೆ ಹೋದದ್ದು, ಹೊಂದಿಕೊಂಡು ಬದುಕಿದ್ದು ಅವರ ವಿರುದ್ಧವೇ ಲೆಕ್ಕಕ್ಕೆ ಬರುವುದಾದರೆ ಆ ಅಳತೆಗೋಲು ಸರಿಯಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮಂತಹ ಊರುಗಳಲ್ಲಿ ಬೆರೆಯದೆ ಉಳಿದವರು ಯಾರೂ ಇಲ್ಲ. ಬೆರೆತೂ ಬಡವರಾಗಿ, ಬೆರೆತೂ ಮೆಟ್ಟಿಲಿನ ಕೆಳಗೆ ಉಳಿದವರಿದ್ದಾರೆ. ಅದನ್ನು ಅಳೆಯುವ ಕಾಲಂ ಬೇಕು.

2011ರ ಫೆಬ್ರವರಿಯಲ್ಲಿ ನಾನು ಗಣತಿದಾರನಾಗಿ ಈ ಕೇರಿಗಳನ್ನೆಲ್ಲ ಸುತ್ತಿದೆ. ಯಾವ ಮನೆಯವರು ಏನು ಬರೆಸಿದರು ಎಂದು ಹೇಳಲಾರೆ. 1948ರ ಜನಗಣತಿ ಕಾಯಿದೆ ಅದನ್ನು ಗುಟ್ಟಾಗಿಡಬೇಕು ಎನ್ನುತ್ತದೆ, ಅದು ಒಳ್ಳೆಯ ಕಾಯಿದೆ. ಇಲ್ಲಿ ಬರೆದದ್ದೆಲ್ಲ ಊರಿನವನಾಗಿ ಕಂಡದ್ದು, ಕೇಳಿದ್ದು. ಆದರೆ ಆ ಕೆಲಸದಿಂದ ಒಂದು ಮಾತು ನನಗೆ ಖಚಿತವಾಯಿತು. ಪ್ರಶ್ನೆ ಹೇಗೆ ಕೇಳುತ್ತೇವೆಯೋ ಹಾಗೆ ಊರು ಕಾಣುತ್ತದೆ. ಅಂಗಳದಲ್ಲಿ ನಿಂತು ಯಜಮಾನನನ್ನು ಮಾತ್ರ ಕೇಳಿದರೆ ಮಾತೃಭಾಷೆಯ ಕಾಲಂನಲ್ಲಿ ಇಡೀ ಮನೆಗೆ ಕನ್ನಡ ಎಂದು ಬರೆಸುತ್ತಾನೆ. ಸರ್ಕಾರದವರು ಬಂದಾಗ ಕನ್ನಡ ಹೇಳುವುದು ಮರ್ಯಾದೆ ಎಂದು ಅವನ ಎಣಿಕೆ. ಸೊಸೆ ಒಳಗೆ ಮಗುವಿಗೆ ಜೋಗುಳ ಹಾಡುತ್ತಿರುವುದು ಕೊಂಕಣಿಯಲ್ಲೋ ಮರಾಠಿಯಲ್ಲೋ ಆಗಿರುತ್ತದೆ. ಗಣತಿ ಪ್ರತಿಯೊಬ್ಬರ ಮಾತೃಭಾಷೆಯನ್ನೂ ಬೇರೆಬೇರೆಯಾಗಿ ಕೇಳುತ್ತದೆ, ಜೊತೆಗೆ ಗೊತ್ತಿರುವ ಇನ್ನೆರಡು ಭಾಷೆಗಳನ್ನೂ. ಎರಡರ ಮಿತಿ ನಮ್ಮೂರಿನವರಿಗೆ ಸಾಲದು. ಅದು ಬೇರೆ ಮಾತು.

ಈಗ ಮತ್ತೊಂದು ಗಣತಿ ಬರುತ್ತಿದೆ. ಎಲ್ಲ ಜಾತಿಗಳನ್ನು ಎಣಿಸಿ ಲೆಕ್ಕ ಪ್ರಕಟಿಸಿದ ಕೊನೆಯ ಜನಗಣತಿ 1931ರದು. ಮುಂದಿನ ಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಘೋಷಿಸಿತು. ಜನರ ಎಣಿಕೆ ನಮ್ಮ ಭಾಗದಲ್ಲಿ 2027ರ ಫೆಬ್ರವರಿಯಲ್ಲಿ. ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ 2025ರಲ್ಲಿ ನಡೆದಾಗಲೂ ಮನೆಮನೆಗೆ ಹೋದವರು ಹೆಚ್ಚಾಗಿ ಶಿಕ್ಷಕರೇ. ನಾನೀಗ ನಿವೃತ್ತ. ನಮ್ಮ ಕಡೆಗೆ ಬರುವ ಹೊಸ ಶಿಕ್ಷಕರು, ಶಿಕ್ಷಕಿಯರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ವಿನಂತಿ ಇಷ್ಟು. ಸಿದ್ದಿಗಳ ಕ್ರೈಸ್ತ ಮನೆಯಲ್ಲೂ ಮುಸ್ಲಿಂ ಮನೆಯಲ್ಲೂ ಪಂಗಡದ ಪ್ರಶ್ನೆಯನ್ನು ತಪ್ಪದೆ ಕೇಳಿ, ಹೆಸರು ನೋಡಿ ‘ಇಲ್ಲ’ ಎಂದು ನೀವೇ ಒತ್ತಬೇಡಿ. ಕುಣಬಿ ಎಂದರೆ ಕುಣಬಿ ಎಂದೇ ಬರೆಯಿರಿ, ಮರಾಠ ಎಂದು ತಿದ್ದಬೇಡಿ. ಮನೆಯ ಹೆಂಗಸರನ್ನೂ ಮಾತನಾಡಿಸಿ. ಮೇಲಿನ ಸಿದ್ದಿ ಮನೆಗಳಿಗೆ ಮೊಬೈಲ್ ಸಿಗ್ನಲ್ ಇಲ್ಲ, ಆ್ಯಪ್‌ನಲ್ಲಿ ಬೇಕಾದದ್ದನ್ನು ಕೆಳಗಿನ ರಸ್ತೆಯಲ್ಲೇ ತೆರೆದಿಟ್ಟುಕೊಂಡು ಹೋಗಿ. ಗೌಳಿವಾಡಕ್ಕೆ ಬೆಳಿಗ್ಗೆ ಎಂಟರೊಳಗೆ ತಲುಪಿ. ಹಾಲು ಕರೆದಾದ ಮೇಲೆ ಗಂಡಸರಲ್ಲಿ ಅರ್ಧ ಜನ ಪೇಟೆಗೆ, ಉಳಿದವರು ಎಮ್ಮೆಗಳೊಂದಿಗೆ ಕಾಡಿಗೆ ಹೊರಡುತ್ತಾರೆ. ಸಂಜೆಯವರೆಗೆ ಯಾರೂ ಸಿಗುವುದಿಲ್ಲ, ಬಾಗಿಲು ಹಾಕಿದ ಮನೆ ಎಂದು ಬರೆದುಕೊಂಡು ಬರಬೇಕಾಗುತ್ತದೆ.